ಆಪರೇಷನ್ ಆದ ಮೇಲೆ ರೋಗಿ ಏನಾದ? ಡಾ. ಕಾಡ್ಮನ್ ಅವರ ಬದುಕು

ಮನೆಯಲ್ಲಿ ಯಾರಿಗಾದರೂ ಆಪರೇಷನ್ ಆಯಿತೆಂದರೆ ನೆಂಟರಿಷ್ಟರು, ನೆರೆಹೊರೆಯವರು ಆಸ್ಪತ್ರೆಗೆ ಬರುತ್ತಾರೆ. ಕಿತ್ತಳೆ ಹಣ್ಣು, ಹಾರ್ಲಿಕ್ಸ್ ಬಾಟಲಿ ತರುತ್ತಾರೆ. ಹೊಲಿಗೆ ಬಿಚ್ಚುವ ತನಕ ವಿಚಾರಣೆ ನಡೆಯುತ್ತದೆ. ರೋಗಿ ಮನೆಗೆ ಬಂದ ಮೇಲೆ ಒಂದೆರಡು ವಾರ ಅದೇ ಮಾತು. ಅಲ್ಲಿಗೆ ಮುಗಿಯಿತು. ವರ್ಷ ಕಳೆದ ಮೇಲೆ ಆ ಕೈ ಮೇಲೇಳುತ್ತದೆಯೇ, ಆ ಕಾಲು ನೆಲಕ್ಕೆ ಊರುತ್ತದೆಯೇ ಎಂದು ಕೇಳುವವರು ಕಡಿಮೆ. ಕೊಯ್ದ ವೈದ್ಯರೇ ಕೇಳುವುದು ಇನ್ನೂ ಕಡಿಮೆ. ಇದು ದೂರಲ್ಲ. ವೈದ್ಯರ ಬಾಗಿಲಲ್ಲಿ ಮರುದಿನ ಬೇರೆ ರೋಗಿಗಳು ಸಾಲುಗಟ್ಟಿ ನಿಂತಿರುತ್ತಾರೆ.

ಅಮೆರಿಕದ ಬಾಸ್ಟನ್ ನಗರದ ಒಬ್ಬ ಶಸ್ತ್ರವೈದ್ಯರು ಈ ಒಂದೇ ಪ್ರಶ್ನೆಯನ್ನು ಹಿಡಿದು ಕೊನೆಯವರೆಗೂ ಬಿಡಲಿಲ್ಲ. ಅದರಿಂದ ಕೆಲಸ ಹೋಯಿತು, ಗೆಳೆಯರು ದೂರವಾದರು, ಸಂಪಾದನೆ ಇಳಿಯಿತು. ಅವರ ಹೆಸರು ಡಾ. ಅರ್ನೆಸ್ಟ್ ಎಮರಿ ಕಾಡ್ಮನ್. ಮೂಳೆಗೆ ಬರುವ ಕ್ಯಾನ್ಸರಿನ ಬಗ್ಗೆ, ಭುಜದ ಕೀಲಿಗೆ ಆಗುವ ಗಾಯಗಳ ಬಗ್ಗೆ ಇಂದು ವೈದ್ಯಕೀಯ ವಿದ್ಯಾರ್ಥಿಗಳು ಓದುವ ಪಾಠಗಳಲ್ಲಿ ಅವರ ಹೆಸರು ಇಂದಿಗೂ ಇದೆ.

ಕಾಡ್ಮನ್ ಹುಟ್ಟಿದ್ದು 1869ರ ಡಿಸೆಂಬರ್ 30ರಂದು, ಬಾಸ್ಟನ್ನಿನಲ್ಲೇ. ಓದಿದ್ದು ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ. 1895ರಲ್ಲಿ ವೈದ್ಯಕೀಯ ಪದವಿ ಪಡೆದರು. ಓದುವಾಗಲೇ ನಡೆದ ಒಂದು ಸಂಗತಿ ಅವರ ಮುಂದಿನ ದಾರಿಯನ್ನು ತೋರಿಸುತ್ತದೆ. ಆಗಿನ ಕಾಲದಲ್ಲಿ ರೋಗಿಗೆ ಈಥರ್ ಮೂಸಿಸಿ ಪ್ರಜ್ಞೆ ತಪ್ಪಿಸುವ ಕೆಲಸವನ್ನು ಹೆಚ್ಚಿನ ಅನುಭವವಿಲ್ಲದ ವಿದ್ಯಾರ್ಥಿಗಳಿಗೆ ಒಪ್ಪಿಸಿಬಿಡುತ್ತಿದ್ದರು. ಕಾಡ್ಮನ್ ಅವರ ಸಹಪಾಠಿ ಹಾರ್ವೆ ಕುಶಿಂಗ್ ಹೀಗೆ ಈಥರ್ ಕೊಡುತ್ತಿದ್ದಾಗ ರೋಗಿಯೊಬ್ಬರು ತೀರಿಕೊಂಡರು. ಕುಶಿಂಗ್ ಮುಂದೆ ಮಿದುಳಿನ ಶಸ್ತ್ರಚಿಕಿತ್ಸೆಯಲ್ಲಿ ಜಗತ್ಪ್ರಸಿದ್ಧರಾದವರು. ಆದರೆ ಅಂದು ಅವರು ಕುಸಿದುಹೋದರು. ಗೆಳೆಯರಿಬ್ಬರೂ ಯೋಚಿಸಿ ಒಂದು ಪಂದ್ಯ ಕಟ್ಟಿಕೊಂಡರು. ಯಾರು ಹೆಚ್ಚು ಚೆನ್ನಾಗಿ ಈಥರ್ ಕೊಡುತ್ತಾರೋ ನೋಡೋಣ, ಸೋತವರು ಊಟ ಹಾಕಿಸಬೇಕು. ಗೆದ್ದವರಾರು ಎಂದು ತಿಳಿಯಬೇಕಾದರೆ ಲೆಕ್ಕ ಬೇಕಲ್ಲವೇ? ಆಪರೇಷನ್ ನಡೆಯುವಷ್ಟು ಹೊತ್ತೂ ರೋಗಿಯ ನಾಡಿ, ಉಸಿರಾಟಗಳನ್ನು ಕಾಗದದ ಮೇಲೆ ಗುರುತಿಸುತ್ತಾ ಹೋದರು. ಇಂದು ಎಲ್ಲ ಆಸ್ಪತ್ರೆಗಳಲ್ಲೂ ಇರುವ ಅರಿವಳಿಕೆಯ ದಾಖಲೆ ಹುಟ್ಟಿದ್ದು ಹೀಗೆ, 1894ರ ಸುಮಾರಿಗೆ, ಇಬ್ಬರು ಹುಡುಗರ ಊಟದ ಪಂದ್ಯದಿಂದ.

1895ರ ಕೊನೆಯಲ್ಲಿ ಜರ್ಮನಿಯ ರೋಂಟ್‌ಗೆನ್ ಎಕ್ಸ್-ರೇ ಕಂಡುಹಿಡಿದ ಸುದ್ದಿ ಬಂದಾಗ ಬಾಸ್ಟನ್ನಿನಲ್ಲಿ ಅದನ್ನು ಕೂಡಲೇ ಕೈಗೆತ್ತಿಕೊಂಡವರಲ್ಲಿ ಕಾಡ್ಮನ್ ಒಬ್ಬರು. ಮಕ್ಕಳ ಆಸ್ಪತ್ರೆಯಲ್ಲಿ ಎಕ್ಸ್-ರೇ ಚಿತ್ರ ತೆಗೆಯುವ ಕೆಲಸಕ್ಕೆ ನೇಮಕವಾದರು. ರೋಗವಿಲ್ಲದ ಸಾಮಾನ್ಯ ಕೀಲುಗಳು ಎಕ್ಸ್-ರೇಯಲ್ಲಿ ಹೇಗೆ ಕಾಣುತ್ತವೆ ಎಂಬುದರ ಚಿತ್ರಸಂಗ್ರಹವನ್ನೇ ಮಾಡಿದರು. ಸರಿಯಾದದ್ದು ಹೇಗಿರುತ್ತದೆಂದು ಗೊತ್ತಿಲ್ಲದೆ ತಪ್ಪಿರುವುದನ್ನು ಗುರುತಿಸುವುದು ಹೇಗೆ? 1902ರಲ್ಲಿ, ಎಕ್ಸ್-ರೇಯಿಂದ ಚರ್ಮ ಸುಟ್ಟ ಪ್ರಕರಣಗಳನ್ನು ಒಟ್ಟುಗೂಡಿಸಿ ಪ್ರಕಟಿಸಿದರು. ಹೊಸ ಯಂತ್ರವನ್ನು ಎಲ್ಲರೂ ಹೊಗಳುತ್ತಿದ್ದ ಕಾಲ ಅದು. ಅದರ ಹಾನಿಯನ್ನು ಎಣಿಸಿ ನೋಡುವ ಮನಸ್ಸು ಇವರಿಗಿತ್ತು.

ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ಶಸ್ತ್ರವೈದ್ಯರಾಗಿ ಸೇರಿದ ಮೇಲೆ ಈ ಎಣಿಕೆ ಅವರಿಗೆ ವ್ರತದಂತಾಯಿತು. ಪ್ರತಿಯೊಬ್ಬ ರೋಗಿಗೂ ಒಂದೊಂದು ಚಿಕ್ಕ ಕಾರ್ಡು. ಬಂದಾಗ ಏನು ತೊಂದರೆ ಇತ್ತು, ವೈದ್ಯರು ಮೊದಲು ಏನೆಂದು ತಿಳಿದರು, ಏನು ಮಾಡಿದರು, ಆಸ್ಪತ್ರೆಯಲ್ಲಿ ಏನೇನು ತೊಡಕಾಯಿತು, ಹೋಗುವಾಗ ರೋಗ ಏನೆಂದು ತೀರ್ಮಾನವಾಯಿತು ಎಂದೆಲ್ಲಾ ಅದರಲ್ಲಿ ಬರೆಯಬೇಕು. ಆಮೇಲೆ ಒಂದು ವರ್ಷಕ್ಕೆ ಆ ರೋಗಿಯನ್ನು ಮತ್ತೆ ನೋಡಿ, ಗುಣವಾಗಿದೆಯೇ ಎಂದು ಬರೆಯಬೇಕು. ಗುಣವಾಗದಿದ್ದರೆ ಏಕೆ ಆಗಲಿಲ್ಲ ಎಂದು ಬರೆಯಬೇಕು. ಇದನ್ನು ಅವರು ಅಂತಿಮ ಫಲಿತಾಂಶದ ಪದ್ಧತಿ ಎಂದು ಕರೆದರು.

ಮಾತು ಸರಳ. ಆದರೆ ಆ ಕೊನೆಯ ಸಾಲು ಮುಳ್ಳಿನದು. ಗುಣವಾಗದಿದ್ದರೆ ಏಕೆ? ವೈದ್ಯನಿಗೆ ಜ್ಞಾನ ಸಾಲದೆ ಹೋಯಿತೇ, ಕೈಚಳಕ ಸಾಲದೆ ಹೋಯಿತೇ, ಆಲೋಚನೆ ತಪ್ಪಿತೇ, ಆರೈಕೆ ಕಡಿಮೆಯಾಯಿತೇ, ರೋಗ ಗುರುತಿಸುವಲ್ಲಿ ಎಡವಿದರೇ? ಅಥವಾ ರೋಗವೇ ಗೆಲ್ಲಲಾಗದ್ದೇ, ರೋಗಿಯೇ ಚಿಕಿತ್ಸೆ ಬೇಡವೆಂದರೇ, ಇಲ್ಲವೇ ಯಾರ ಕೈಯಲ್ಲೂ ಇಲ್ಲದ ಆಕಸ್ಮಿಕವೇ? ಪಾಪನಿವೇದನೆಗೆ ಮುಂಚೆ ಆತ್ಮಶೋಧನೆ ಮಾಡಿಕೊಳ್ಳುವ ಅಭ್ಯಾಸ ಇರುವ ನಮಗೆ ಈ ಪಟ್ಟಿ ಅಪರಿಚಿತವೆನಿಸಲಾರದು. ವ್ಯತ್ಯಾಸವೆಂದರೆ, ನಮ್ಮದು ಗುರುವಿನ ಕಿವಿಯಲ್ಲಿ ಉಳಿಯುತ್ತದೆ. ಕಾಡ್ಮನ್ ತಮ್ಮದನ್ನು ಅಚ್ಚು ಹಾಕಿಸಿದರು.

ಆಸ್ಪತ್ರೆಯ ಹಿರಿಯರಿಗೆ ಇದು ರುಚಿಸಲಿಲ್ಲ. ಅಲ್ಲಿ ಬಡ್ತಿ ಸಿಗುತ್ತಿದ್ದದ್ದು ಎಷ್ಟು ವರ್ಷ ಸೇವೆ ಆಯಿತು ಎಂಬುದರ ಮೇಲೆ, ಎಷ್ಟು ರೋಗಿಗಳು ಗುಣವಾದರು ಎಂಬುದರ ಮೇಲಲ್ಲ. ಕಾಡ್ಮನ್ 1911ರಲ್ಲಿ ತಮ್ಮದೇ ಒಂದು ಪುಟ್ಟ ಆಸ್ಪತ್ರೆ ತೆರೆದರು. ಹನ್ನೆರಡು ಹಾಸಿಗೆಗಳು, ಅಷ್ಟೇ. ಅಲ್ಲಿಂದ 1916ರವರೆಗೆ 337 ರೋಗಿಗಳು ಚಿಕಿತ್ಸೆ ಪಡೆದು ಹೋದರು. ಅವರ ಚಿಕಿತ್ಸೆಯಲ್ಲಿ ತಮ್ಮ ಆಸ್ಪತ್ರೆಯಿಂದ 123 ತಪ್ಪುಗಳಾದವು ಎಂದು ಅವರೇ ಎಣಿಸಿ, ಒಂದೊಂದನ್ನೂ ವಿವರಿಸಿ ಪುಸ್ತಕ ಮಾಡಿ ಹಂಚಿದರು. ಒಂದು ಪ್ರಕರಣದಲ್ಲಿ ತಮ್ಮ ಕೈಚಳಕದ ದೋಷ ಬಹಳ ದೊಡ್ಡದೆಂದೂ, ಆಪರೇಷನ್ ನಡೆಯುತ್ತಿದ್ದಾಗಲೂ ಅದು ತಮ್ಮ ಗಮನಕ್ಕೆ ಬರಲಿಲ್ಲವೆಂದೂ ಮುಚ್ಚುಮರೆಯಿಲ್ಲದೆ ಬರೆದರು. ಇಂದಿಗೂ ಯಾವ ಆಸ್ಪತ್ರೆಯ ಜಾಹೀರಾತಿನಲ್ಲಿ ಇಂಥ ಸಾಲು ಸಿಕ್ಕೀತು?

1914ರಲ್ಲಿ ಅವರು ಜನರಲ್ ಆಸ್ಪತ್ರೆಗೆ ರಾಜೀನಾಮೆ ಕೊಟ್ಟರು. ಕೊಟ್ಟ ಕೂಡಲೇ, ತಮ್ಮ ರೋಗಿಗಳ ಫಲಿತಾಂಶ ಉಳಿದವರದ್ದಕ್ಕಿಂತ ಚೆನ್ನಾಗಿದೆ, ಆದ್ದರಿಂದ ತಮ್ಮನ್ನೇ ಮುಖ್ಯ ಶಸ್ತ್ರವೈದ್ಯರನ್ನಾಗಿ ನೇಮಿಸಬೇಕೆಂದು ಅರ್ಜಿ ಹಾಕಿದರು! ಉಳಿದವರು ತಮ್ಮ ಫಲಿತಾಂಶ ತೋರಿಸದೆ ಇವರನ್ನು ತಪ್ಪೆನ್ನುವಂತಿರಲಿಲ್ಲ. ಅದೇ ಅವರ ಲೆಕ್ಕಾಚಾರ. ಕಾಡ್ಮನ್ ಅವರಿಗೆ ವಿನಯ ಕಡಿಮೆಯಿತ್ತು ಎಂದು ಹೇಳದೆ ವಿಧಿಯಿಲ್ಲ. ಮರುವರ್ಷ ಜನವರಿ 6ರಂದು ಅವರು ಮಾಡಿದ್ದಂತೂ ಅತಿಯಾಯಿತು. ವೈದ್ಯರ ಸಂಘದ ಸಭೆ ಕರೆದು, ಕೊನೆಯಲ್ಲಿ ಎಂಟು ಅಡಿ ಉದ್ದದ ವ್ಯಂಗ್ಯಚಿತ್ರವೊಂದನ್ನು ಎಲ್ಲರೆದುರು ಬಿಚ್ಚಿದರು. ಬಾಸ್ಟನ್ನಿನ ಶ್ರೀಮಂತ ಬಡಾವಣೆಯ ಜನರು ಮರಳಲ್ಲಿ ತಲೆ ಹುದುಗಿಸಿದ ಉಷ್ಟ್ರಪಕ್ಷಿಯಾಗಿ ಚಿನ್ನದ ಮೊಟ್ಟೆಗಳನ್ನು ಹಿಂಗಾಲಿನಿಂದ ವೈದ್ಯರ ಕಡೆಗೆ ಒದೆಯುತ್ತಿದ್ದಾರೆ. ಈ ಪಕ್ಷಿಗೆ ಸತ್ಯ ತಿಳಿದರೆ ಮೊಟ್ಟೆ ಇಡುವುದನ್ನು ನಿಲ್ಲಿಸೀತೇ ಎಂದು ಆಸ್ಪತ್ರೆಯ ಆಡಳಿತದವರೂ ವಿಶ್ವವಿದ್ಯಾಲಯದ ಅಧ್ಯಕ್ಷರೂ ಚಿಂತಿಸುತ್ತಿದ್ದಾರೆ. ಸಭೆಯಲ್ಲಿ ಕೋಲಾಹಲವಾಯಿತು. ಕಾಡ್ಮನ್ ಸಂಘದ ಸ್ಥಾನ ಬಿಡಬೇಕಾಯಿತು. ಹಾರ್ವರ್ಡಿನ ಬೋಧಕ ಹುದ್ದೆಯೂ ಹೋಯಿತು. ಹಳೆಯ ಗೆಳೆಯರು ಮುಖ ತಿರುಗಿಸಿದರು. ಇವರ ಬಳಿ ರೋಗಿಗಳನ್ನು ಕಳುಹಿಸುವುದನ್ನು ವೈದ್ಯರು ನಿಲ್ಲಿಸಿದರು.

ಸತ್ಯ ಹೇಳುವುದಕ್ಕೂ ಸತ್ಯದಿಂದ ಜನರ ಮುಖಕ್ಕೆ ಹೊಡೆಯುವುದಕ್ಕೂ ವ್ಯತ್ಯಾಸವಿದೆ. ಆ ರಾತ್ರಿ ಕಾಡ್ಮನ್ ಎರಡನೆಯದನ್ನು ಮಾಡಿದರು ಎಂದೇ ನನ್ನ ಅನಿಸಿಕೆ. ಆದರೆ ಅವರ ಪ್ರಶ್ನೆ ಮಾತ್ರ ಸುಳ್ಳಾಗಲಿಲ್ಲ. ಅವರೂ ಸೇರಿ 1913ರಲ್ಲಿ ಕಟ್ಟಿದ ಅಮೆರಿಕದ ಶಸ್ತ್ರವೈದ್ಯರ ಕಾಲೇಜು ಎಂಬ ಸಂಸ್ಥೆ, ಆಸ್ಪತ್ರೆಗಳ ಗುಣಮಟ್ಟ ಪರೀಕ್ಷಿಸಲು ಮುಂದೆ ಬಂತು. ನೂರು ಹಾಸಿಗೆಗಳಿಗಿಂತ ದೊಡ್ಡದಾದ 692 ಆಸ್ಪತ್ರೆಗಳನ್ನು ಪರೀಕ್ಷಿಸಿದಾಗ ತೇರ್ಗಡೆಯಾದದ್ದು ಬರೀ 89. ತಪ್ಪಿದವುಗಳಲ್ಲಿ ಹೆಸರಾಂತ ಆಸ್ಪತ್ರೆಗಳೂ ಇದ್ದವು. 1919ರಲ್ಲಿ ಆ ಪಟ್ಟಿ ಪತ್ರಿಕೆಯವರ ಕೈಗೆ ಸಿಗಬಾರದೆಂದು ನ್ಯೂಯಾರ್ಕಿನ ಹೋಟೆಲೊಂದರ ಒಲೆಗೆ ಹಾಕಿ ಸುಟ್ಟರು. ಆ ಪರೀಕ್ಷೆಗೆ ಮುಂದಾಗಿ ಬೆಂಬಲ ಕೊಟ್ಟವರಲ್ಲಿ ಕಥೋಲಿಕ ಆಸ್ಪತ್ರೆಗಳ ಸಂಘವೂ ಒಂದು ಎಂಬುದನ್ನು ನಮ್ಮ ಓದುಗರು ತಿಳಿದಿರಬೇಕು. ಯೇಸುಸಭೆಯ ಗುರು ಚಾರ್ಲ್ಸ್ ಮೌಲಿನಿಯರ್ ಅವರ ನೇತೃತ್ವದಲ್ಲಿ 1915ರಲ್ಲಿ ಹುಟ್ಟಿದ ಸಂಘ ಅದು. ಧರ್ಮಭಗಿನಿಯರು ನಡೆಸುತ್ತಿದ್ದ ಆಸ್ಪತ್ರೆಗಳು ಹೊರಗಿನವರ ತಪಾಸಣೆಗೆ ಬಾಗಿಲು ತೆರೆಯಬೇಕೆಂದು ಆ ಗುರುಗಳು ಊರೂರು ತಿರುಗಿ ಹೇಳಿದರು.

ಇತ್ತ ಕಾಡ್ಮನ್ ಮನೆಯಲ್ಲಿ ಸುಮ್ಮನೆ ಕುಳಿತಿರಲಿಲ್ಲ. 1917ರ ಡಿಸೆಂಬರ್ 6ರಂದು ಕೆನಡಾದ ಹ್ಯಾಲಿಫ್ಯಾಕ್ಸ್ ಬಂದರಿನಲ್ಲಿ ಮದ್ದುಗುಂಡು ತುಂಬಿದ ಹಡಗು ಸಿಡಿದು ನಗರದ ಒಂದು ಭಾಗವೇ ನೆಲಸಮವಾದಾಗ ಗಾಯಾಳುಗಳ ಶುಶ್ರೂಷೆಗೆ ಅಲ್ಲಿಗೆ ಹೋದರು. ಆಮೇಲೆ ಸೇನೆಯ ವೈದ್ಯರಾದರು. ಯುದ್ಧ ಮುಗಿದು ಊರಿಗೆ ಮರಳಿದಾಗ ವಯಸ್ಸು ಐವತ್ತು. ಸ್ವಂತ ಆಸ್ಪತ್ರೆ ಮುಚ್ಚಿಹೋಗಿತ್ತು, ಕೈ ಬರಿದಾಗಿತ್ತು.

ಅವರ ಬದುಕಿನ ಅತಿ ಉಪಯುಕ್ತ ಕೆಲಸ ಶುರುವಾಗುವುದು ಇಲ್ಲಿಂದ. 1920ರ ಸುಮಾರಿಗೆ ಮೂಳೆಯ ಸಾರ್ಕೋಮ, ಅಂದರೆ ಮೂಳೆಯಲ್ಲೇ ಹುಟ್ಟುವ ಕ್ಯಾನ್ಸರ್, ಇದ್ದ ರೋಗಿಯೊಬ್ಬರ ಚಿಕಿತ್ಸೆ ಅವರ ಪಾಲಿಗೆ ಬಂತು. ಈ ರೋಗದಿಂದ ಗುಣವಾದವರು ಯಾರಾದರೂ ಇದ್ದಾರೆಯೇ, ಏನು ಮಾಡಿದ್ದರಿಂದ ಗುಣವಾದರು? ಹುಡುಕಿದರು. ಪುಸ್ತಕಗಳಲ್ಲಿ ನಂಬುವಂಥ ಉತ್ತರ ಸಿಗಲಿಲ್ಲ. ಈ ಕಾಯಿಲೆ ಅಪರೂಪದ್ದು. ಹೆಚ್ಚಾಗಿ ಹತ್ತರಿಂದ ಇಪ್ಪತ್ತು ವರ್ಷದ, ಬೆಳೆಯುವ ವಯಸ್ಸಿನ ಮಕ್ಕಳಿಗೆ, ಅದರಲ್ಲೂ ಮೊಣಕಾಲಿನ ಆಸುಪಾಸಿನಲ್ಲಿ ಬರುತ್ತದೆ. ಒಬ್ಬ ಶಸ್ತ್ರವೈದ್ಯ ಇಡೀ ಜೀವಮಾನದಲ್ಲಿ ನೋಡುವುದು ಬೆರಳೆಣಿಕೆಯಷ್ಟು ರೋಗಿಗಳನ್ನು. ಅಷ್ಟರಿಂದ ಯಾರು ಏನು ಕಲಿತಾರು?

ಆಗ ಕಾಡ್ಮನ್ ದೇಶದ ಶಸ್ತ್ರವೈದ್ಯರಿಗೆಲ್ಲಾ ಪತ್ರ ಬರೆಯತೊಡಗಿದರು. ನೀವು ಕಂಡ ಮೂಳೆ ಕ್ಯಾನ್ಸರಿನ ರೋಗಿಗಳ ವಿವರ, ಎಕ್ಸ್-ರೇ, ಗೆಡ್ಡೆಯಿಂದ ತೆಗೆದ ಚೂರಿನ ಗಾಜಿನ ಸ್ಲೈಡು, ಎಲ್ಲವನ್ನೂ ಕಳುಹಿಸಿ. ಆ ರೋಗಿ ಈಗ ಬದುಕಿದ್ದಾರೆಯೇ, ಅದನ್ನೂ ತಿಳಿಸಿ. ನ್ಯೂಯಾರ್ಕಿನ ಜೇಮ್ಸ್ ಯೂಯಿಂಗ್, ಬಾಲ್ಟಿಮೋರಿನ ಜೋಸೆಫ್ ಬ್ಲಡ್‌ಗುಡ್ ಎಂಬ ಇಬ್ಬರು ಪಂಡಿತರು ಕೈಜೋಡಿಸಿದರು. ಹಿಂದೆ ಇವರನ್ನು ನುಂಗಲಾರದೆ ಉಗುಳಲಾರದೆ ಇದ್ದ ಶಸ್ತ್ರವೈದ್ಯರ ಕಾಲೇಜೇ ಇದಕ್ಕೆ ಆಶ್ರಯ ಕೊಟ್ಟಿತು. ಒಂದು ರೋಗದ ಬಗ್ಗೆ ದೇಶದಾದ್ಯಂತ ಒಂದೇ ಕಡೆ ದಾಖಲೆ ಸೇರಿಸುವ ಕೆಲಸ ಅಮೆರಿಕದಲ್ಲಿ ಇದೇ ಮೊದಲು ಎನ್ನುತ್ತಾರೆ. ಇಂದು ನಾವು ಕ್ಯಾನ್ಸರ್ ನೋಂದಣಿ ಎಂದು ಕರೆಯುವ ಏರ್ಪಾಡಿಗೆ ಅದು ಮೊದಲ ಹೆಜ್ಜೆ.

ಬಂದ ಕಾಗದಗಳನ್ನು ಬಿಚ್ಚಿ ನೋಡಿದಾಗ ಗೊಂದಲವೋ ಗೊಂದಲ. ಒಂದೇ ಗೆಡ್ಡೆಗೆ ಒಬ್ಬೊಬ್ಬರದು ಒಂದೊಂದು ಹೆಸರು. ಒಬ್ಬರು ಕ್ಯಾನ್ಸರ್ ಎಂದದ್ದು ಇನ್ನೊಬ್ಬರಿಗೆ ಸಾಮಾನ್ಯ ಸೋಂಕು. ಕ್ಯಾನ್ಸರಿನಿಂದ ಗುಣವಾದರು ಎಂದು ಕಳುಹಿಸಿದ್ದ ಕೆಲವರ ಸ್ಲೈಡು, ಎಕ್ಸ್-ರೇಗಳನ್ನು ಮತ್ತೆ ನೋಡಿದರೆ ಅದು ಕ್ಯಾನ್ಸರೇ ಅಲ್ಲ. ಇದರ ಅರ್ಥವನ್ನು ಒಂದು ಕ್ಷಣ ಯೋಚಿಸಿ. ಕ್ಯಾನ್ಸರ್ ಎಂದು ಹೇಳಿ ಒಬ್ಬ ಹುಡುಗನ ಕಾಲನ್ನು ತೊಡೆಯಿಂದ ತೆಗೆದರು, ಹುಡುಗ ಬದುಕಿದ, ಆದ್ದರಿಂದ ಕಾಲು ತೆಗೆದದ್ದೇ ಔಷಧವಾಯಿತೆಂದು ಬರೆದುಕೊಂಡರು. ನಿಜವಾಗಿ ಆ ಕಾಲು ಉಳಿಯಬಹುದಿತ್ತು. ಒಂದರ ನಂತರ ಇನ್ನೊಂದು ನಡೆದರೆ ಮೊದಲನೆಯದೇ ಎರಡನೆಯದಕ್ಕೆ ಕಾರಣವೆನ್ನುವುದು ದೋಷ ಎಂದು ಸೆಮಿನರಿಯ ತರ್ಕಶಾಸ್ತ್ರದ ತರಗತಿಯಲ್ಲಿ ನಾವು ಬಾಯಿಪಾಠ ಮಾಡಿದ್ದೆವು. ಆ ದೋಷಕ್ಕೆ ಒಂದು ಕಾಲಿನ ಬೆಲೆ ಇರಬಹುದೆಂದು ಆಗ ಹೊಳೆದಿರಲಿಲ್ಲ.

ಹಾಗಾಗಿ ಮೊದಲು ಹೆಸರುಗಳು ಸರಿಯಾಗಬೇಕಾಯಿತು. ಯಾವುದನ್ನು ಏನೆಂದು ಕರೆಯಬೇಕು, ಯಾವ ಲಕ್ಷಣಗಳಿದ್ದರೆ ಮಾತ್ರ ಕ್ಯಾನ್ಸರ್ ಎನ್ನಬೇಕು ಎಂದು ಸಮಿತಿ ಕಟ್ಟುನಿಟ್ಟಾಗಿ ಗೊತ್ತುಮಾಡಿತು. ಕಾಡ್ಮನ್ ಅದನ್ನು ವಿವರಿಸಿ 1925ರಲ್ಲಿ ಪ್ರಕಟಿಸಿದರು. ಐದು ವರ್ಷ ಬದುಕಿ ಉಳಿದವರನ್ನು ಮಾತ್ರ ಗುಣವಾದವರ ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂದಾಯಿತು. ನಿಜವಾದ ಮೂಳೆ ಕ್ಯಾನ್ಸರಿನಲ್ಲಿ ಅಂಥವರು ಬಹಳ ಕಡಿಮೆ ಎಂಬ ಕಹಿ ಸತ್ಯವೂ ಹೊರಬಂತು. ಅದೇ ವೇಳೆಗೆ, ದೈತ್ಯಕೋಶದ ಗೆಡ್ಡೆ ಎಂಬ ಇನ್ನೊಂದು ಬಗೆಯ ಗೆಡ್ಡೆ ನೋಡಲು ಭಯಂಕರವಾದರೂ ಸಾಮಾನ್ಯವಾಗಿ ಪ್ರಾಣಾಂತಕವಲ್ಲವೆಂದೂ, ಅದಕ್ಕಾಗಿ ಕೈಕಾಲು ಕತ್ತರಿಸಬೇಕಾಗಿಲ್ಲವೆಂದೂ ವೈದ್ಯರಿಗೆ ಹೆಚ್ಚು ಹೆಚ್ಚು ಸ್ಪಷ್ಟವಾಗತೊಡಗಿತು. 1931ರಲ್ಲಿ ಕಾಡ್ಮನ್ ಹದಿಹರೆಯದವರ ತೋಳಿನ ಮೂಳೆಯ ಮೇಲ್ತುದಿಯಲ್ಲಿ ಬರುವ ವಿಶೇಷ ಗೆಡ್ಡೆಯೊಂದನ್ನು ಬೇರೆಯಾಗಿ ಗುರುತಿಸಿದರು. ಅದೂ ಸಾಮಾನ್ಯವಾಗಿ ಕ್ಯಾನ್ಸರಲ್ಲ. ಅವರ ಮರಣಾನಂತರ, 1942ರಲ್ಲಿ ಅದಕ್ಕೆ ಕಾಂಡ್ರೋಬ್ಲಾಸ್ಟೋಮ ಎಂಬ ಹೆಸರು ಬಂತು. ಹಳಬರು ಅದನ್ನು ಕಾಡ್ಮನ್ ಗೆಡ್ಡೆ ಎಂದೇ ಕರೆಯುತ್ತಿದ್ದರು.

ಎಕ್ಸ್-ರೇಯಲ್ಲಿ ಕಾಣುವ ಕಾಡ್ಮನ್ ತ್ರಿಕೋನವೂ ಇದೇ ಕೆಲಸದ ಫಲ. ಮೂಳೆಯ ಮೇಲೆ ತೆಳುವಾದ ಹೊದಿಕೆಯೊಂದಿದೆ. ಒಳಗಿನ ಗೆಡ್ಡೆ ವೇಗವಾಗಿ ಬೆಳೆದು ಹೊರಗೆ ತಳ್ಳಿದಾಗ ಆ ಹೊದಿಕೆ ಡೇರೆಯಂತೆ ಮೇಲೇಳುತ್ತದೆ. ಅದು ಮೂಳೆಗೆ ಅಂಟಿಕೊಂಡಿರುವ ಅಂಚಿನಲ್ಲಿ ಹೊಸ ಮೂಳೆ ಕಟ್ಟಿಕೊಂಡು ಚಿಕ್ಕ ತ್ರಿಕೋನದಂತೆ ಕಾಣುತ್ತದೆ. ಅದನ್ನು ಕಂಡರೆ ವೈದ್ಯರು ಎಚ್ಚರಗೊಳ್ಳುತ್ತಾರೆ. ಸೋಂಕಿನಲ್ಲೂ ಅದು ಕಾಣಬಹುದಾದ್ದರಿಂದ ಅದೊಂದನ್ನೇ ನೋಡಿ ತೀರ್ಪು ಕೊಡುವಂತಿಲ್ಲ. ತಂದೆತಾಯಿಯರಿಗೆ ಇಲ್ಲೇ ಒಂದು ಮಾತು: ಬೆಳೆಯುವ ಮಕ್ಕಳ ಮೊಣಕಾಲಿನ ಬಳಿ ಅಥವಾ ಭುಜದಲ್ಲಿ ವಾರಗಟ್ಟಲೆ ಹೋಗದ ನೋವು, ರಾತ್ರಿ ಎಬ್ಬಿಸುವ ನೋವು, ಬಾವು ಇದ್ದರೆ ಎಣ್ಣೆ ತಿಕ್ಕಿಸಿಕೊಂಡು ಕಾಲ ಕಳೆಯಬೇಡಿ. ಒಂದು ಎಕ್ಸ್-ರೇ ತೆಗೆಸಿ. ಬಹುತೇಕ ಅದು ಏನೂ ಆಗಿರುವುದಿಲ್ಲ. ಕಾಡ್ಮನ್ ಅವರ ಕಾಲದಲ್ಲಿ ಈ ಕ್ಯಾನ್ಸರ್ ಬಂದವರಲ್ಲಿ ಐವರಲ್ಲಿ ಒಬ್ಬರೂ ಉಳಿಯುತ್ತಿರಲಿಲ್ಲ. 1970ರ ದಶಕದಿಂದ ಕೀಮೋಥೆರಪಿ ಬಂದ ಮೇಲೆ, ರೋಗ ಬೇರೆಡೆಗೆ ಹರಡುವ ಮುಂಚೆ ಬಂದವರಲ್ಲಿ ಮೂವರಲ್ಲಿ ಸುಮಾರು ಇಬ್ಬರು ಬದುಕುತ್ತಾರೆ, ಅನೇಕರಿಗೆ ಕಾಲೂ ಉಳಿಯುತ್ತದೆ.

ಕಾಡ್ಮನ್ ಅವರ ಇನ್ನೊಂದು ಪ್ರೀತಿಯ ವಿಷಯ ಭುಜ. ಕೈ ಎತ್ತಲಾಗದೆ ಬರುವ ಕೂಲಿಕಾರರನ್ನು ಅವರು ಬಹಳ ನೋಡಿದ್ದರು. ಬಿದ್ದಾಗಲೋ ಭಾರ ಎತ್ತುವಾಗಲೋ ಭುಜದ ಮೇಲ್ಭಾಗದ ಸ್ನಾಯುರಜ್ಜು ಹರಿದುಹೋಗಿರುತ್ತದೆ. ಎಕ್ಸ್-ರೇಯಲ್ಲಿ ಮೂಳೆ ಸರಿಯಾಗಿ ಕಾಣುವುದರಿಂದ ಸಾಧಾರಣ ಉಳುಕೆಂದು ತಿಳಿದು ಅವರನ್ನು ಕಳುಹಿಸಿಬಿಡುತ್ತಿದ್ದರು. ಕೆಲವರು ಸುಮ್ಮನೆ ನಾಟಕವಾಡುತ್ತಿದ್ದಾರೆಂಬ ಸಂಶಯಕ್ಕೂ ಗುರಿಯಾಗುತ್ತಿದ್ದರು. ಕೂಲಿ ಇಲ್ಲದೆ ತಿಂಗಳುಗಳು ಕಳೆಯುತ್ತಿದ್ದವು. ಕಾಡ್ಮನ್ ಶವಗಳ ಭುಜಗಳನ್ನು ಬಿಡಿಸಿ ನೋಡಿ, ಹರಿದ ರಜ್ಜನ್ನು ಹೊಲಿದು ಸರಿಪಡಿಸುವ ಶಸ್ತ್ರಚಿಕಿತ್ಸೆಯ ಬಗ್ಗೆ 1911ರಲ್ಲೇ ಬರೆದಿದ್ದರು. ತಡಮಾಡದೆ ಹೊಲಿದರೆ ಆ ಕೂಲಿಕಾರ ಮತ್ತೆ ದುಡಿದು ತಿನ್ನಬಲ್ಲ ಎಂಬುದು ಅವರ ವಾದ.

ಇದನ್ನೆಲ್ಲಾ ಸೇರಿಸಿ 1934ರಲ್ಲಿ ಭುಜದ ಬಗ್ಗೆಯೇ ಒಂದು ದಪ್ಪ ಪುಸ್ತಕವನ್ನು ತಾವಾಗಿಯೇ ಅಚ್ಚು ಹಾಕಿಸಿದರು. ಅದರ ಮುನ್ನುಡಿಯಲ್ಲಿ ತಮ್ಮ ಜೀವನಕಥೆ, ಸೋಲು, ಜಗಳಗಳನ್ನೂ ಬರೆದುಕೊಂಡರು. ಭುಜದ ಶಸ್ತ್ರಚಿಕಿತ್ಸೆಯ ಪುಸ್ತಕದಲ್ಲಿ ಇದೆಲ್ಲಾ ಏಕೆಂದು ಓದಿದವರು ಹುಬ್ಬೇರಿಸಿರಬೇಕು. ಇಂದು ಮಧುಮೇಹ ಇರುವ ನಮ್ಮ ಅನೇಕ ತಾಯಂದಿರನ್ನು ಕಾಡುವ ಫ್ರೋಜನ್ ಶೋಲ್ಡರ್ ಎಂಬ ಹೆಸರು ಬಂದದ್ದು ಈ ಪುಸ್ತಕದಿಂದ. ಆ ರೋಗ ಇಂಥದೇ ಎಂದು ವಿವರಿಸುವುದೂ, ಅದಕ್ಕೆ ಕಾರಣ ಹೇಳುವುದೂ ಕಷ್ಟವೆಂದು ಕಾಡ್ಮನ್ ಅಲ್ಲಿ ಒಪ್ಪಿಕೊಂಡಿದ್ದಾರೆ. ಸೊಂಟದಿಂದ ಮುಂದಕ್ಕೆ ಬಾಗಿ, ನೋಯುವ ಕೈಯನ್ನು ಗಂಟೆಯ ನಾಲಿಗೆಯಂತೆ ಇಳಿಬಿಟ್ಟು ಮೆಲ್ಲಗೆ ತೂಗುವ ವ್ಯಾಯಾಮವನ್ನು ಫಿಸಿಯೋಥೆರಪಿಯವರು ಹೇಳಿಕೊಟ್ಟಿದ್ದರೆ, ಅದು ಕಾಡ್ಮನ್ ಅವರದು. ಕೈಯನ್ನು ಬಲವಂತದಿಂದ ಮೇಲೆತ್ತುವ ಬದಲು ಅದರ ಭಾರವೇ ಅದನ್ನು ಎಳೆಯಲಿ ಎಂಬ ಸರಳ ಉಪಾಯ.

ಹದಿನೈದು ವರ್ಷಗಳ ನಂತರ, 1929ರಲ್ಲಿ, ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆ ಅವರನ್ನು ಸಲಹಾ ಶಸ್ತ್ರವೈದ್ಯರಾಗಿ ಮರಳಿ ಕರೆದುಕೊಂಡಿತು. ಜಗಳ ತಣ್ಣಗಾಗಿತ್ತು, ಪೂರ್ತಿ ಮರೆತಿರಲಿಲ್ಲ. ಅವರಿಗೂ ಪತ್ನಿ ಕ್ಯಾಥರೀನ್ ಅವರಿಗೂ ಮಕ್ಕಳಿರಲಿಲ್ಲ. ಬೇಟೆ, ಮೀನು ಹಿಡಿಯುವುದು ಅವರ ಬಿಡುವಿನ ಸಂತೋಷ. ಜೀವಮಾನವಿಡೀ ಬೇರೆಯವರ ಗೆಡ್ಡೆಗಳನ್ನು ಅಭ್ಯಾಸ ಮಾಡಿದ ಅವರಿಗೆ ಮೆಲನೋಮ ಎಂಬ ಚರ್ಮದ ಕ್ಯಾನ್ಸರ್ ಬಂತು. 1940ರ ನವೆಂಬರ್ 23ರಂದು ತೀರಿಕೊಂಡರು.

ಬಾಸ್ಟನ್ನಿನ ಬಳಿಯ ಮೌಂಟ್ ಆಬರ್ನ್ ಸ್ಮಶಾನದಲ್ಲಿ, ಪತ್ನಿಯ ಮನೆತನದ ಜಾಗದಲ್ಲಿ ಅವರನ್ನು ಇರಿಸಿದರು. ಮೇಲೆ ಹೆಸರು ಬರೆದ ಕಲ್ಲು ಇರಲಿಲ್ಲ. 1996ರಲ್ಲಿ ಅಮೆರಿಕದ ಆಸ್ಪತ್ರೆಗಳನ್ನು ತಪಾಸಣೆ ಮಾಡುವ ಸಂಸ್ಥೆ ಅವರ ಹೆಸರಿನಲ್ಲಿ ಪ್ರಶಸ್ತಿ ಸ್ಥಾಪಿಸಿದಾಗಲೂ ಸಮಾಧಿ ಹಾಗೆಯೇ ಇತ್ತು. 2014ರ ಜುಲೈ ತಿಂಗಳಲ್ಲಿ ಶಸ್ತ್ರವೈದ್ಯರ ಕಾಲೇಜು ಮತ್ತು ಇತರ ಸಂಸ್ಥೆಗಳು ಸೇರಿ ಅಲ್ಲಿ ಒಂದು ಕಲ್ಲು ನಿಲ್ಲಿಸಿದವು.